ಪಕ್ಷ ವಿಲೀನವಾಯಿತು, ಸದಸ್ಯನನ್ನು ಯಾರು ಕೇಳಿದರು?

ಕರಿಮೆಣಸು ಕೊಯ್ಲಿನ ಸಮಯ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಪಕ್ಕದ ತೋಟದವರು ಏಣಿ ಹಿಡಿದುಕೊಂಡು ನಿಂತಿದ್ದರು. ಜೇಬಿನಲ್ಲಿದ್ದ ಮೊಬೈಲ್ ಬಿಡದೆ ಸದ್ದು ಮಾಡುತ್ತಿತ್ತು. ತೆಗೆದು ನೋಡಿದರೆ ಅವರ ಪಕ್ಷದ ವಾಟ್ಸಾಪ್ ಗ್ರೂಪಿನ ಹೆಸರೇ ಬದಲಾಗಿದೆ. ಬೆಳಿಗ್ಗೆ ಇದ್ದ ಬಾವುಟದ ಚಿತ್ರ ಹೋಗಿ ಬೇರೆ ಬಾವುಟ ಬಂದಿದೆ. ಕೆಳಗೆ ಅಭಿನಂದನೆಯ ಸಾಲು ಸಾಲು ಮೆಸೇಜು. ರಾಜಧಾನಿಯಲ್ಲಿ ಕೂತ ನಾಯಕರು ಪಕ್ಷವನ್ನು ಇನ್ನೊಂದು ಪಕ್ಷದ ಜತೆ ವಿಲೀನ ಮಾಡಿದ್ದರು. ‘ಸರ್ವಾನುಮತದಿಂದ’ ಅಂತ ಪತ್ರಿಕಾ ಹೇಳಿಕೆಯಲ್ಲಿ ಬರೆದಿತ್ತು.

ಆ ಸಣ್ಣ ಪಕ್ಷಕ್ಕಾಗಿ ಅವರು ಆರು ವರ್ಷ ದುಡಿದವರು. ಬೂತ್ ಹೊರಗೆ ಮೇಜು ಹಾಕಿ ಕೂತವರು. ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಹೋಗಿ ಚೀಟಿ ಹಂಚಿದವರು. ಎರಡು ಚುನಾವಣೆಯಲ್ಲಿ ಯಾವ ಪಕ್ಷದ ವಿರುದ್ಧ ಮನೆ ಮನೆಗೆ ಹೋಗಿ ಮಾತಾಡಿದ್ದರೋ, ಈಗ ಅದೇ ಪಕ್ಷದ ಗ್ರೂಪಿನಲ್ಲಿ ಅವರ ನಂಬರ್ ಇತ್ತು. ಸಂಜೆ ನಮ್ಮ ಮನೆಗೆ ಬಂದು ಮೊಬೈಲ್ ತೋರಿಸಿದರು. “ನೋಡಿ, ನನ್ನನ್ನು ಒಂದು ಮಾತು ಕೇಳಲಿಲ್ಲ” ಅಂದರು. ಸಿಟ್ಟಿಗಿಂತ ಜಾಸ್ತಿ ನಾಚಿಕೆ ಇತ್ತು ಆ ಮುಖದಲ್ಲಿ.

ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪಕ್ಷ ವಿಲೀನ ಆಗಬೇಕಾದರೆ ಸದಸ್ಯರ ಒಪ್ಪಿಗೆ ಬೇಡವೇ? ಬೇಕು ಅಂದರೆ, ಒಬ್ಬೊಬ್ಬರ ಒಪ್ಪಿಗೆಯೂ ಬೇಕಾ, ಬಹುಮತ ಸಾಕಾ? ನಮ್ಮ ಕಾನೂನು ಏನು ಹೇಳುತ್ತದೆ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದು ನೋಡಿ ಬೇಸರವಾಯಿತು.

ಮೊದಲು ಪಕ್ಷದ ಹುಟ್ಟನ್ನು ನೋಡಿ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ ಪ್ರಕಾರ ಪಕ್ಷವನ್ನು ಚುನಾವಣಾ ಆಯೋಗದಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ಕನಿಷ್ಠ 100 ಸದಸ್ಯರು ಬೇಕು. ಆ ನೂರು ಮಂದಿಯೂ ಒಬ್ಬೊಬ್ಬರಾಗಿ ಅಫಿಡವಿಟ್ ಕೊಡಬೇಕು. ‘ನಾನು ಮತದಾರ, ಬೇರೆ ಯಾವ ನೋಂದಾಯಿತ ಪಕ್ಷದಲ್ಲೂ ಸದಸ್ಯನಲ್ಲ’ ಅಂತ ಪ್ರಮಾಣ ಮಾಡಿ ಸಹಿ ಹಾಕಬೇಕು. ಅಂದರೆ ಪಕ್ಷ ಹುಟ್ಟುವಾಗ ವ್ಯಕ್ತಿಯ ಸಹಿಗೆ ಬೆಲೆ ಇದೆ. ಒಬ್ಬನ ಪರವಾಗಿ ಇನ್ನೊಬ್ಬ ಪ್ರಮಾಣ ಮಾಡುವ ಹಾಗಿಲ್ಲ.

ಅದೇ ಪಕ್ಷ ಇನ್ನೊಂದರಲ್ಲಿ ಕರಗಿಹೋಗುವಾಗ? ಹೆಸರು, ಕಚೇರಿ, ಪದಾಧಿಕಾರಿಗಳು, ಇನ್ನಾವುದೇ ಮುಖ್ಯ ವಿಷಯ ಬದಲಾದರೆ ಆಯೋಗಕ್ಕೆ ತಡಮಾಡದೆ ತಿಳಿಸಿ ಅಂತ ಅದೇ 29ಎ ಹೇಳುತ್ತದೆ. ತಿಳಿಸಿದರೆ ಸಾಕು. ಮಾನ್ಯತೆ ಪಡೆದ ಪಕ್ಷವೊಂದು ಇನ್ನೊಂದರ ಜತೆ ಸೇರಿ ಹೊಸ ಪಕ್ಷ ಆದರೆ, 1968ರ ಚಿಹ್ನೆಗಳ ಆದೇಶದ 16ನೇ ಪ್ಯಾರಾ ಬರುತ್ತದೆ. ಲಭ್ಯವಿರುವ ಎಲ್ಲ ಸಂಗತಿಗಳನ್ನು ನೋಡಿ, ಪಕ್ಷದವರ ಮಾತು ಕೇಳಿ, ಮಾನ್ಯತೆ ಮತ್ತು ಚಿಹ್ನೆಯ ಬಗ್ಗೆ ಆಯೋಗ ತೀರ್ಮಾನಿಸುತ್ತದೆ. ಅಲ್ಲಿಯೂ ಸದಸ್ಯರ ಮತದಾನದ ಸುದ್ದಿ ಇಲ್ಲ. ಇನ್ನು ಉಳಿಯುವುದು ಪಕ್ಷದ ಸ್ವಂತ ನಿಯಮಾವಳಿ. ಅದರಲ್ಲಿ ಸಾಮಾನ್ಯವಾಗಿ ಮೇಲಿನ ಸಮಿತಿಗೇ ಅಧಿಕಾರ.

ಜನ ವಿಲೀನ ಅಂದಾಗ ನೆನಪಿಸಿಕೊಳ್ಳುವುದು ಪಕ್ಷಾಂತರ ನಿಷೇಧ ಕಾನೂನನ್ನು. 1985ರಲ್ಲಿ ಬಂದ ಸಂವಿಧಾನದ ಹತ್ತನೇ ಅನುಸೂಚಿ ಅದು. ಪಕ್ಷ ಬಿಟ್ಟ ಶಾಸಕ ಅನರ್ಹನಾಗಿ ಸ್ಥಾನ ಕಳೆದುಕೊಳ್ಳುತ್ತಾನೆ. ಮೊದಲು ಶಾಸಕಾಂಗ ಪಕ್ಷದ, ಅಂದರೆ ಸದನದಲ್ಲಿರುವ ಆ ಪಕ್ಷದವರ ಗುಂಪಿನ, ಮೂರನೇ ಒಂದು ಭಾಗ ಶಾಸಕರು ಹೊರಬಂದರೂ ‘ಒಡಕು’ ಅಂತ ರಕ್ಷಣೆ ಸಿಗುತ್ತಿತ್ತು. 2003ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಉಳಿದದ್ದು 4ನೇ ಪ್ಯಾರಾ, ವಿಲೀನದ ಬಾಗಿಲು. ಮೂಲ ಪಕ್ಷ ಬೇರೆ ಪಕ್ಷದಲ್ಲಿ ವಿಲೀನವಾಗಿ, ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ಸದಸ್ಯರು ಒಪ್ಪಿದರೆ ಅನರ್ಹತೆ ಇಲ್ಲ. ಆರು ಶಾಸಕರಿದ್ದರೆ ನಾಲ್ವರು ಸಾಕು.

ಇದೇ ಪ್ಯಾರಾದಲ್ಲಿ ಇನ್ನೊಂದು ಸಂಗತಿ ಇದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ವಿಲೀನವನ್ನು ಒಪ್ಪದ ಶಾಸಕನಿಗೂ ರಕ್ಷಣೆ ಇದೆ. ‘ನಾನು ಹೋಗಲ್ಲ, ಬೇರೆ ಗುಂಪಾಗಿ ಇರುತ್ತೇನೆ’ ಅಂದರೆ ಅವನ ಸ್ಥಾನಕ್ಕೂ ಧಕ್ಕೆ ಇಲ್ಲ. ಅಂದರೆ ಶಾಸಕನಿಗೆ ಕಾನೂನು ವೈಯಕ್ತಿಕ ಆಯ್ಕೆ ಕೊಟ್ಟಿದೆ. ಹೋಗು ಅಥವಾ ಇರು, ಎರಡೂ ನಿನ್ನಿಷ್ಟ. ನಮ್ಮ ಪಕ್ಕದ ತೋಟದವರಿಗೆ ಮಾತ್ರ ಆ ಆಯ್ಕೆ ಇಲ್ಲ. ಸಂಬಳ, ಭತ್ಯೆ, ಪದವಿ ಇರುವವರನ್ನು ಕೇಳಿ, ಸ್ವಂತ ಜೀಪಿಗೆ ಡೀಸೆಲ್ ಹಾಕಿಕೊಂಡು ಓಡಾಡಿದವರನ್ನು ಕೇಳದೆ ಇರುವುದು ಯಾವ ನ್ಯಾಯ? ನನಗಂತೂ ಅರ್ಥವಾಗುವುದಿಲ್ಲ.

ಗೋವಾದಲ್ಲಿ ಏನಾಯಿತು ನೋಡಿ. 2019ರಲ್ಲಿ ಅಲ್ಲಿಯ ಕಾಂಗ್ರೆಸ್ಸಿನ 15 ಶಾಸಕರಲ್ಲಿ 10 ಮಂದಿ ‘ನಾವು ಬಿಜೆಪಿಯಲ್ಲಿ ವಿಲೀನ’ ಅಂದರು. ಕಾಂಗ್ರೆಸ್ ಪಕ್ಷ ಎಲ್ಲಿಯೂ ವಿಲೀನವಾಗಿರಲಿಲ್ಲ. ಅದರ ಕಚೇರಿ, ಅದರ ಬಾವುಟ, ಅದರ ಕಾರ್ಯಕರ್ತರು ಎಲ್ಲ ಇದ್ದಲ್ಲೇ ಇದ್ದರು. ಆದರೂ ಮೂರನೇ ಎರಡು ಭಾಗ ಶಾಸಕರು ಒಪ್ಪಿದ್ದರಿಂದ ವಿಲೀನ ಆದ ಹಾಗೆಯೇ ಅಂತ 2022ರ ಫೆಬ್ರವರಿಯಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಹೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿ 11ರಲ್ಲಿ 8 ಕಾಂಗ್ರೆಸ್ ಶಾಸಕರು ಮತ್ತೆ ಅದೇ ದಾರಿಯಲ್ಲಿ ಹೋದರು. ಪಕ್ಷ ಅಂದರೆ ಶಾಸಕರು ಮಾತ್ರ ಅನ್ನುವ ಹಾಗಾಯಿತು. 2023ರಲ್ಲಿ, ಮಹಾರಾಷ್ಟ್ರದ ಶಿವಸೇನೆ ಎರಡು ಬಣವಾದ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಶಾಸಕಾಂಗ ಪಕ್ಷ ಬೇರೆ, ರಾಜಕೀಯ ಪಕ್ಷ ಬೇರೆ ಅಂತ ಸ್ಪಷ್ಟವಾಗಿ ಹೇಳಿತು. ಆ ಮಾತು ವಿಪ್ ಅನ್ನು, ಅಂದರೆ ಸದನದಲ್ಲಿ ಹೇಗೆ ಮತ ಹಾಕಬೇಕು ಅಂತ ಪಕ್ಷದ ಶಾಸಕರಿಗೆ ಸೂಚಿಸುವವರನ್ನು, ಯಾರು ನೇಮಿಸಬೇಕು ಅನ್ನುವ ಪ್ರಶ್ನೆಗೆ ಬಂದದ್ದು. ಆದರೆ ಅದರ ಹಿಂದಿನ ವಿಚಾರ ವಿಲೀನಕ್ಕೂ ಸಲ್ಲಬೇಕು ಅಂತ ನನ್ನ ಅನಿಸಿಕೆ. ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲೇ ಒಡಕು ಮತ್ತು ವಿಲೀನದ ವಿನಾಯಿತಿ ಎರಡನ್ನೂ ತೆಗೆಯಿರಿ ಅಂದಿತ್ತು. ಒಂದನ್ನು ಮಾತ್ರ ತೆಗೆದರು.

ಹತ್ತನೇ ಅನುಸೂಚಿ ಕೊಡಗಿಗೆ ದೂರದ ವಿಷಯ ಅಲ್ಲ. 2010ರ ಅಕ್ಟೋಬರಿನಲ್ಲಿ 11 ಬಿಜೆಪಿ ಶಾಸಕರನ್ನೂ 5 ಪಕ್ಷೇತರರನ್ನೂ ಅನರ್ಹಗೊಳಿಸಿದ ಸ್ಪೀಕರ್ ಕೆ.ಜಿ. ಬೋಪಯ್ಯ ಆಗ ಕೊಡಗಿನ ವಿರಾಜಪೇಟೆಯ ಶಾಸಕರಾಗಿದ್ದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿತು. ಆ ದಿನಗಳಲ್ಲಿ ವಿರಾಜಪೇಟೆ, ಗೋಣಿಕೊಪ್ಪದ ಹೋಟೆಲುಗಳಲ್ಲಿ ಕಾಫಿ ಕುಡಿಯುವವರೂ ಅನುಸೂಚಿಯ ಪ್ಯಾರಾ ನಂಬರ್ ಹೇಳಿ ವಾದ ಮಾಡುತ್ತಿದ್ದರು. ಆದರೆ ಆ ಮಾತೆಲ್ಲ ಶಾಸಕರ ಸುತ್ತಲೇ ಸುತ್ತಿತು. ಸದಸ್ಯರ ವಿಚಾರ ಆಗಲೂ ಬರಲಿಲ್ಲ.

ಕರ್ನಾಟಕದಲ್ಲಿ ವಿಲೀನ ಹೊಸದೇನಲ್ಲ. ಯಡಿಯೂರಪ್ಪನವರು 2012ರ ಡಿಸೆಂಬರಿನಲ್ಲಿ ಹಾವೇರಿಯಲ್ಲಿ ದೊಡ್ಡ ಸಮಾವೇಶ ಮಾಡಿ ಕರ್ನಾಟಕ ಜನತಾ ಪಕ್ಷ (ಕೆಜೆಪಿ) ಕಟ್ಟಿದರು. 2013ರಲ್ಲಿ 6 ಸ್ಥಾನ, ಸುಮಾರು ಶೇ. 10 ಮತ ಬಂತು. 2014ರ ಜನವರಿಯಲ್ಲಿ ಅದು ಬಿಜೆಪಿಯಲ್ಲಿ ವಿಲೀನವಾಯಿತು. ಕೆಜೆಪಿಯಿಂದ ಆಳಂದದಲ್ಲಿ ಗೆದ್ದಿದ್ದ ಬಿ.ಆರ್. ಪಾಟೀಲರು ಬಿಜೆಪಿಗೆ ಹೋಗಲಿಲ್ಲ, ಮುಂದೆ ಕಾಂಗ್ರೆಸ್ ಸೇರಿದರು. ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ 2013ರಲ್ಲಿ 4 ಸ್ಥಾನ ಗೆದ್ದು ಮರುವರ್ಷ ಬಿಜೆಪಿ ಸೇರಿತು. ಜನಾರ್ದನ ರೆಡ್ಡಿಯವರ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ 2022ರ ಡಿಸೆಂಬರಿನಲ್ಲಿ ಹುಟ್ಟಿ 2024ರ ಮಾರ್ಚಿನಲ್ಲಿ ಬಿಜೆಪಿಯಲ್ಲಿ ಸೇರಿಹೋಯಿತು. ಆಂಧ್ರದಲ್ಲಿ ಚಿರಂಜೀವಿಯವರ ಪ್ರಜಾರಾಜ್ಯಂ 2009ರಲ್ಲಿ 18 ಸ್ಥಾನ ಗೆದ್ದು 2011ರಲ್ಲಿ ಕಾಂಗ್ರೆಸ್ ಸೇರಿತು. ನಾಯಕ ಹೋದ ಕಡೆ ಪಕ್ಷ ಹೋಯಿತು. ನಾಯಕರಿಗೆ ಅವರವರ ಕಾರಣ ಇರಬಹುದು, ಅದು ತಪ್ಪು ಅಂತಲೂ ನಾನು ಹೇಳುತ್ತಿಲ್ಲ. ಸಣ್ಣ ಪಕ್ಷಕ್ಕೆ ಹಣ ಇರುವುದಿಲ್ಲ, ಉಳಿಯುವುದು ಕಷ್ಟ.

ಮೇಲಿನಿಂದ ಮಾಡಿದ ವಿಲೀನ ಎಷ್ಟು ಗಟ್ಟಿ ಅನ್ನುವುದಕ್ಕೆ ದೊಡ್ಡ ಉದಾಹರಣೆ ಜನತಾ ಪಕ್ಷ. 1977ರಲ್ಲಿ ಸಂಸ್ಥಾ ಕಾಂಗ್ರೆಸ್, ಜನಸಂಘ, ಭಾರತೀಯ ಲೋಕದಳ, ಸಮಾಜವಾದಿಗಳು ಒಟ್ಟಾದರು. ತುರ್ತು ಪರಿಸ್ಥಿತಿಯ ಕಾಲ, ಜೈಲಿನಿಂದ ಬಂದವರಿಗೆ ಸದಸ್ಯರ ಸಭೆ ಕರೆಯುವ ಪುರುಸೊತ್ತು ಇರಲಿಲ್ಲ, ಅದು ನಿಜ. ಆದರೆ ಕೆಳಗಿನ ಕಾರ್ಯಕರ್ತರು ಒಂದಾಗಲೇ ಇಲ್ಲ. ಜನಸಂಘದಿಂದ ಬಂದವರು ಆರೆಸ್ಸೆಸ್ ಸದಸ್ಯತ್ವ ಇಟ್ಟುಕೊಳ್ಳಬಹುದೇ ಅನ್ನುವ ಜಗಳ ಬೆಳೆಯಿತು. 1980ರ ಏಪ್ರಿಲಿನಲ್ಲಿ ಅವರು ಹೊರಬಂದು ಬಿಜೆಪಿ ಕಟ್ಟಿದರು. ಯಾರು ಯಾವ ಷರತ್ತಿನ ಮೇಲೆ ಬರುತ್ತಿದ್ದಾರೆ ಅಂತ ಮೊದಲೇ ಕೇಳಿದ್ದರೆ ಆ ಪ್ರಶ್ನೆ 1977ರಲ್ಲೇ ಮೇಜಿನ ಮೇಲೆ ಇರುತ್ತಿತ್ತು.

ಕೊಡಗಿನವರಿಗೆ ‘ವಿಲೀನ’ ಅನ್ನುವ ಮಾತು ಬರೀ ಪಕ್ಷದ್ದಲ್ಲ. 1956ರ ನವೆಂಬರ್ 1ರವರೆಗೆ ಕೊಡಗು ಒಂದು ರಾಜ್ಯ. 1952ರ ಚುನಾವಣೆಯಲ್ಲಿ ಮೈಸೂರಿನ ಜತೆ ಸೇರೋಣ ಅನ್ನುವ ಕಡೆ ಸಿ.ಎಂ. ಪೂಣಚ್ಚನವರ ಕಾಂಗ್ರೆಸ್, ಬೇಡ ಅನ್ನುವ ಕಡೆ ಪಂದ್ಯಂಡ ಬೆಳ್ಯಪ್ಪನವರ ತಕ್ಕಡಿ ಪಕ್ಷ. 24 ಸ್ಥಾನದಲ್ಲಿ ಕಾಂಗ್ರೆಸ್ಸಿಗೆ 15, ಉಳಿದ 9 ಎದುರಿನವರಿಗೆ. ಸರಿಯೋ ತಪ್ಪೋ, ಜನರ ಮುಂದೆ ಪ್ರಶ್ನೆ ಇಟ್ಟಿದ್ದರು. ಆದರೂ ‘ನಮ್ಮನ್ನು ಸರಿಯಾಗಿ ಕೇಳಲಿಲ್ಲ’ ಅನ್ನುವ ಮಾತು ಎಪ್ಪತ್ತು ವರ್ಷವಾದರೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ.

ಅದಕ್ಕೂ ಹಿಂದೆ, 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕಂಪನಿ ಸರಕಾರ ತೆಗೆದುಕೊಂಡಿತು. ಆಗ ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆ ಶುರುವಾಗುವುದೇ ಇದು ಕೊಡಗಿನ ನಿವಾಸಿಗಳ ಸರ್ವಾನುಮತದ ಇಚ್ಛೆ ಅನ್ನುವ ಮಾತಿನಿಂದ. ಪ್ರತಿಯೊಬ್ಬ ನಿವಾಸಿಯನ್ನು ಯಾರು ಹೋಗಿ ಕೇಳಿದ್ದರು? ಪಕ್ಕದ ತೋಟದವರು ಮೊಬೈಲಿನಲ್ಲಿ ತೋರಿಸಿದ ಪತ್ರಿಕಾ ಹೇಳಿಕೆಯಲ್ಲೂ ಅದೇ ಶಬ್ದ. ಎಣಿಕೆ ಇಲ್ಲದ ಸರ್ವಾನುಮತ. ಅದಕ್ಕೇ ನನಗೆ ಅಂಕಿ ಬೇಕು. ಇಷ್ಟು ಮಂದಿ ಹೌದು, ಇಷ್ಟು ಮಂದಿ ಬೇಡ ಅಂತ ಬರೆದು ತೋರಿಸಿದರೆ ಸೋತವನಿಗೂ ಒಂದು ಸಮಾಧಾನ ಇರುತ್ತದೆ.

ಹಾಗಾದರೆ ಒಬ್ಬೊಬ್ಬ ಸದಸ್ಯನ ಒಪ್ಪಿಗೆಯೂ ಬೇಕು ಅನ್ನೋಣವೇ? ಇಲ್ಲಿ ನಾನು ಸ್ವಲ್ಪ ತಡೆಯುತ್ತೇನೆ. ತಡೆಯುವಂತೆ ಮಾಡಿದ್ದೂ ಕೊಡಗಿನದೇ ಅನುಭವ. ಜಮ್ಮಾ ಆಸ್ತಿ, ಅಂದರೆ ತಲೆಮಾರಿನಿಂದ ಬಂದ ಮನೆತನದ ಕೂಡು ಆಸ್ತಿ, ಇರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಮನೆತನದ ಹಿರಿಯರ, ಹೆಸರು ಇದ್ದರೂ ಆಸ್ತಿ ಒಕ್ಕದ (ಇಡೀ ಮನೆತನದ) ಎಲ್ಲರದ್ದು. ಪಟ್ಟೆದಾರರು ತಾವೊಬ್ಬರೇ ಸಹಿ ಹಾಕಿ ಮಾರುವಂತಿಲ್ಲ. ಇದು ಒಳ್ಳೆಯ ಕಟ್ಟುಪಾಡು. ಹಿರಿಯನಿಗೆ ಗೌರವ ಇದೆ, ಆದರೆ ಮನೆಯನ್ನು ಬೇರೆಯವರಿಗೆ ಬರೆದುಕೊಡುವ ಅಧಿಕಾರ ಇಲ್ಲ. ಅದರ ಕಷ್ಟವನ್ನೂ ನಾವೇ ಕಂಡಿದ್ದೇವೆ. ಒಬ್ಬ ತಮ್ಮ ಬೆಂಗಳೂರಿನಲ್ಲಿ, ಒಬ್ಬ ದುಬೈಯಲ್ಲಿ, ತೀರಿಹೋದ ದೊಡ್ಡಪ್ಪನ ಮಕ್ಕಳು ಎಲ್ಲೆಲ್ಲೋ. ಒಂದು ಸಹಿ ಬಾಕಿ ಇದ್ದರೆ ಫೈಲ್ ತಾಲೂಕು ಕಚೇರಿಯಲ್ಲಿ ವರ್ಷಗಟ್ಟಲೆ ಕೂರುತ್ತದೆ. ಸಾಲ ಸಿಗುವುದಿಲ್ಲ, ಪಾಲು ಆಗುವುದಿಲ್ಲ. ಹತ್ತು ಸಾವಿರ ಸದಸ್ಯರ ಪಕ್ಷಕ್ಕೆ ಈ ನಿಯಮ ಹಾಕಿದರೆ ಮುನಿಸಿಕೊಂಡ ಒಬ್ಬ ಸಾಕು, ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಮಂದಿಯ ದಾರಿ ಕಟ್ಟುತ್ತಾನೆ. ಅದು ಒಪ್ಪಿಗೆಯ ಹಕ್ಕಲ್ಲ, ತಡೆಯುವ ಹಕ್ಕು. ಎರಡೂ ಒಂದೇ ಅಲ್ಲ.

ನನಗೆ ದಾರಿ ಕಂಡದ್ದು ಸಹಕಾರ ಸಂಘದ ಮಹಾಸಭೆಯಲ್ಲಿ. ಕೊಡಗು ಸಹಕಾರದ ನಾಡು. ಜೇನು, ಕಿತ್ತಳೆ, ಕಾಫಿ, ಸಾಲ, ಎಲ್ಲದಕ್ಕೂ ಸಂಘ ಕಟ್ಟಿದವರು ನಮ್ಮ ಹಿರಿಯರು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಎರಡು ಸಂಘ ಒಂದಾಗಬೇಕಾದರೆ ಅದಕ್ಕೆಂದೇ ಮಹಾಸಭೆ ಕರೆಯಬೇಕು. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು. ಸದಸ್ಯರಿಗೂ ಸಾಲ ಕೊಟ್ಟವರಿಗೂ ನೋಟಿಸ್ ಹೋಗಬೇಕು. ಒಪ್ಪದ ಸದಸ್ಯ ತನ್ನ ಷೇರು ಹಣ ವಾಪಸ್ ತೆಗೆದುಕೊಂಡು ಹೋಗಬಹುದು. ನೋಡಿ, ಇಲ್ಲಿ ಎರಡು ಬೇರೆ ಬೇರೆ ಒಪ್ಪಿಗೆ ಇದೆ. ಸಂಘ ಸೇರಬೇಕೇ ಅನ್ನುವುದು ಎಲ್ಲರ ತೀರ್ಮಾನ, ಅದಕ್ಕೆ ದೊಡ್ಡ ಬಹುಮತ ಸಾಕು. ನಾನು ಆ ಹೊಸ ಸಂಘದಲ್ಲಿ ಇರಬೇಕೇ ಅನ್ನುವುದು ನನ್ನೊಬ್ಬನ ತೀರ್ಮಾನ.

ತೋಟ ಕಾರ್ಮಿಕರ ಯೂನಿಯನ್ನುಗಳಿಗೂ ಇಂಥದ್ದೇ ನಿಯಮ ಇತ್ತು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಪ್ರಕಾರ ಎರಡು ಯೂನಿಯನ್ ಒಂದಾಗಲು ಪ್ರತಿ ಯೂನಿಯನ್ನಿನಲ್ಲೂ ಕನಿಷ್ಠ ಅರ್ಧದಷ್ಟು ಸದಸ್ಯರು ಮತ ಹಾಕಬೇಕಿತ್ತು, ಬಿದ್ದ ಮತದಲ್ಲಿ ಶೇ. 60 ಪರವಾಗಿರಬೇಕಿತ್ತು. ಕಾಫಿ ಕೊಯ್ಯುವ ಹೆಣ್ಣುಮಗಳಿಗೆ 1926ರಲ್ಲೇ ಕೊಟ್ಟ ಮರ್ಯಾದೆಯನ್ನು ರಾಜಕೀಯ ಪಕ್ಷದ ಸದಸ್ಯನಿಗೆ ಇಷ್ಟು ವರ್ಷವಾದರೂ ಕೊಡಲಾಗಲಿಲ್ಲವೇ?

2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಯಲ್ಲಿ ವಿಲೀನವಾದಾಗ ನಮ್ಮನ್ನು ಯಾರೂ ಕೇಳಲಿಲ್ಲ, ಪಾಸ್‌ಬುಕ್ ಬದಲಾಯಿತು ಅಷ್ಟೇ ಅಂತ ಕೆಲವರು ಹೇಳುತ್ತಾರೆ. ನಿಜ. ಆದರೆ ಅಲ್ಲಿ ನಾವು ಗ್ರಾಹಕರು. ಪಕ್ಷದಲ್ಲಿ ಸದಸ್ಯ ಗ್ರಾಹಕ ಅಲ್ಲ, ಮನೆಯವನು.

ಹೊರದೇಶಗಳಲ್ಲಿ ಇದು ನಡೆಯುತ್ತಿದೆ. ಜರ್ಮನಿಯ ಪಕ್ಷಗಳ ಕಾಯ್ದೆ, 1967ರದ್ದು, ತುಂಬಾ ಸ್ಪಷ್ಟವಾಗಿದೆ. ಪಕ್ಷದ ಮಹಾಧಿವೇಶನ ವಿಲೀನ ಅಥವಾ ವಿಸರ್ಜನೆಗೆ ನಿರ್ಧರಿಸಿದರೆ, ಅದರ ಮೇಲೆ ಎಲ್ಲ ಸದಸ್ಯರ ಮತದಾನ ನಡೆಸುವ ವ್ಯವಸ್ಥೆ ಪಕ್ಷದ ನಿಯಮಾವಳಿಯಲ್ಲಿ ಇರಲೇಬೇಕು. ಸದಸ್ಯರು ಬೇಡ ಅಂದರೆ ಅಧಿವೇಶನದ ನಿರ್ಧಾರ ಬಿದ್ದುಹೋಗುತ್ತದೆ. ಅಲ್ಲಿಯ ಎಡಪಂಥೀಯ ಪಕ್ಷ ‘ದಿ ಲಿಂಕೆ’ 2007ರಲ್ಲಿ ಎರಡು ಪಕ್ಷಗಳ ಸದಸ್ಯರು ಮತ ಹಾಕಿದ ಮೇಲೆ ಹುಟ್ಟಿತು. ಕೆನಡಾದಲ್ಲಿ 2003ರಲ್ಲಿ ಎರಡು ಬಲಪಂಥೀಯ ಪಕ್ಷ ಒಂದಾದಾಗ ಒಂದು ಪಕ್ಷ ಸದಸ್ಯರ ಮತ ಕೇಳಿತು, ಶೇ. 95ಕ್ಕೂ ಜಾಸ್ತಿ ಒಪ್ಪಿದರು. ಇನ್ನೊಂದು ಪಕ್ಷದ ಪ್ರತಿನಿಧಿಗಳಲ್ಲಿ ಸುಮಾರು ಶೇ. 90 ಒಪ್ಪಿದರು. ಬ್ರಿಟನ್ನಿನಲ್ಲಿ 1988ರಲ್ಲಿ ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಟಿಕ್ (ಎಸ್‌ಡಿಪಿ) ಪಕ್ಷಗಳು ಸದಸ್ಯರ ಮತದಾನದ ನಂತರ ಸೇರಿದವು. ಒಪ್ಪದ ಎಸ್‌ಡಿಪಿಯ ಡೇವಿಡ್ ಓವೆನ್ ಹಳೇ ಹೆಸರಿನಲ್ಲೇ ಪಕ್ಷ ಮುಂದುವರಿಸಿದರು. ಎರಡೇ ವರ್ಷದಲ್ಲಿ ಅದು ಮುಚ್ಚಿತು. ಆದರೆ ಮುಚ್ಚಿದ್ದು ಅವರವರ ತೀರ್ಮಾನದಿಂದ.

ಇಲ್ಲಿ ಇದು ನಡೆಯುವ ಮಾತಲ್ಲ ಅನ್ನುವವರ ದೊಡ್ಡ ವಾದ ಸದಸ್ಯರ ಪಟ್ಟಿಯದು. ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮಿಸ್ಡ್ ಕಾಲ್ ಕೊಟ್ಟರೂ ಸದಸ್ಯತ್ವ ಸಿಗುವ ಕಾಲ ಇದು. ಒಬ್ಬನ ಹೆಸರು ಎರಡು ಪಕ್ಷದಲ್ಲಿ ಇರುತ್ತದೆ, ತೀರಿಹೋದವರ ಹೆಸರೂ ಇರುತ್ತದೆ. ಮತದಾನ ಅಂದ ಕೂಡಲೇ ರಾತ್ರೋರಾತ್ರಿ ಸಾವಿರ ಹೊಸ ಸದಸ್ಯರನ್ನು ಮಾಡಿಸುವವರು ಇದ್ದಾರೆ. ಸಹಕಾರ ಸಂಘದ ಚುನಾವಣೆಯಲ್ಲೇ ಇದನ್ನು ನೋಡಿದ್ದೇವೆ, ಅಲ್ವಾ? ಅದಕ್ಕೆ ಮದ್ದೂ ಅಲ್ಲೇ ಇದೆ. ಇಂತಿಷ್ಟು ತಿಂಗಳ ಮೊದಲು ಸೇರಿದವರಿಗೆ ಮಾತ್ರ ಮತ, ಪಟ್ಟಿಯನ್ನು ಮೊದಲೇ ಗೋಡೆಗೆ ಅಂಟಿಸು, ಆಕ್ಷೇಪಕ್ಕೆ ಸಮಯ ಕೊಡು. ಶಿವಸೇನೆಯ ಜಗಳದಲ್ಲಿ ಚಿಹ್ನೆ ಉಳಿಸಿಕೊಳ್ಳಲು ಬಣಗಳು ಕಾರ್ಯಕರ್ತರ ಅಫಿಡವಿಟ್‌ಗಳನ್ನು ರಾಶಿ ರಾಶಿ ಆಯೋಗಕ್ಕೆ ಸಾಗಿಸಿದವು. ಕೊನೆಗೆ ಆಯೋಗ ಎಣಿಸಿದ್ದು ಶಾಸಕರು, ಸಂಸದರ ಬಲವನ್ನೇ. ಆದರೂ ಒಂದು ಮಾತು ಗೊತ್ತಾಯಿತು. ಬೇಕು ಅನಿಸಿದಾಗ ಸದಸ್ಯರ ಸಹಿ ಸಂಗ್ರಹಿಸಲು ಪಕ್ಷಗಳಿಗೆ ಬರುತ್ತದೆ.

ಸದಸ್ಯನಾಗುವಾಗಲೇ ನಿಯಮಾವಳಿ ಒಪ್ಪಿದ್ದಾನೆ, ಮೇಲಿನ ಸಮಿತಿಯ ತೀರ್ಮಾನಕ್ಕೆ ತಲೆಬಾಗಬೇಕು ಅನ್ನುವುದು ಇನ್ನೊಂದು ವಾದ. ಟಿಕೆಟ್ ಯಾರಿಗೆ, ಮೈತ್ರಿ ಯಾರ ಜತೆ ಅನ್ನುವ ವಿಷಯಕ್ಕೆ ಅದು ಸರಿ. ವಿಲೀನ ಅಂಥದ್ದಲ್ಲ. ಮೈತ್ರಿಯಲ್ಲಿ ಪಕ್ಷ ಇರುತ್ತದೆ, ವಿಲೀನದಲ್ಲಿ ಇರುವುದಿಲ್ಲ. 1971ರಲ್ಲಿ ಹಿಂದಿ ಸಾಹಿತ್ಯ ಸಮ್ಮೇಳನ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಸಂಘ ಕಟ್ಟುವ ಹಕ್ಕಿನಲ್ಲಿ, ತಾವು ಇಷ್ಟಪಟ್ಟು ಸೇರಿಸಿಕೊಂಡವರ ಜತೆ ಮಾತ್ರ ಸಂಘದಲ್ಲಿ ಮುಂದುವರಿಯುವ ಹಕ್ಕೂ ಸೇರಿದೆ ಅಂತ. ಅಲ್ಲಿ ಸದಸ್ಯರನ್ನು ಹೇರಿದ್ದು ಸರಕಾರದ ಕಾಯ್ದೆ. ಪಕ್ಷದ ವಿಲೀನದಲ್ಲಿ ಹೇರುವವರು ನಾಯಕರು. ಆದ್ದರಿಂದ ಆ ತೀರ್ಪು ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಯಾರ ಜತೆ ಇರುತ್ತೇನೆ ಅನ್ನುವುದು ವ್ಯಕ್ತಿಯ ಸ್ವಾತಂತ್ರ್ಯ ಅನ್ನುವ ತಿರುಳು ಎರಡು ಕಡೆಯೂ ಒಂದೇ.

ಹಾಗಾಗಿ ನನ್ನ ನಿಲುವು ಹೀಗಿದೆ. ಪಕ್ಷ ವಿಲೀನವಾಗಲು ಸದಸ್ಯರ ಮತದಾನ ನಡೆಯಲಿ, ಮೂರನೇ ಎರಡು ಭಾಗ ಒಪ್ಪಲಿ, ಎಣಿಕೆಯನ್ನು ಪ್ರಕಟಿಸಲಿ. ಆದರೆ ಆ ಮತದಾನ ಗೆದ್ದರೂ ಸದಸ್ಯರನ್ನು ಮೂಟೆ ಕಟ್ಟಿ ಹೊಸ ಪಕ್ಷಕ್ಕೆ ಇಳಿಸುವಂತಿಲ್ಲ. ಹೊಸ ಪಕ್ಷದ ಸದಸ್ಯತ್ವಕ್ಕೆ ಪ್ರತಿಯೊಬ್ಬನೂ ತಾನೇ ಹೌದು ಅನ್ನಬೇಕು. ಸುಮ್ನೆ ಇದ್ದರೆ ಒಪ್ಪಿದ ಹಾಗಲ್ಲ, ಅವನ ಸದಸ್ಯತ್ವ ಹಳೇ ಪಕ್ಷದ ಜತೆಗೇ ಮುಗಿಯುತ್ತದೆ. ಅವನ ಫೋನ್ ನಂಬರ್, ಫೋಟೋ, ವಿಳಾಸಕ್ಕೂ ಇದೇ ಮಾತು. ಯಾವ ಉದ್ದೇಶಕ್ಕೆ ಮಾಹಿತಿ ಕೊಟ್ಟೆವೋ ಅದಕ್ಕೇ ಬಳಸಬೇಕು ಅನ್ನುವುದು 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ಮೂಲ ವಿಚಾರ. ಒಂದು ಪಕ್ಷಕ್ಕೆ ಅಂತ ಕೊಟ್ಟ ನಂಬರ್ ಅದರ ಎದುರಾಳಿಯ ಕೈಗೆ ಹೋಗುವುದು ಎಷ್ಟು ಸರಿ?

ಇದಕ್ಕೆಲ್ಲ ಸಂಸತ್ತು ಮನಸ್ಸು ಮಾಡುವವರೆಗೆ ಕಾಯಬೇಕಾಗಿಲ್ಲ. 16ನೇ ಪ್ಯಾರಾದಲ್ಲಿ ‘ಎಲ್ಲ ಸಂಗತಿ ಸಂದರ್ಭಗಳನ್ನು’ ನೋಡುವ ಅಧಿಕಾರ ಆಯೋಗಕ್ಕೆ ಈಗಲೇ ಇದೆ. ಸದಸ್ಯರನ್ನು ಹೇಗೆ ಕೇಳಿದಿರಿ, ಲೆಕ್ಕ ತೋರಿಸಿ ಅಂತ ಅದು ಕೇಳಬಹುದು. ಹುಟ್ಟುವಾಗ ನೂರು ಅಫಿಡವಿಟ್ ಕೇಳಿದ ಆಯೋಗ ಕರಗುವಾಗ ಒಂದು ಎಣಿಕೆ ಕೇಳುವುದು ಜಾಸ್ತಿ ಅಲ್ಲ. ಶಾಸಕರ ಮಟ್ಟದಲ್ಲಿ ಮಾತ್ರ ಸಂವಿಧಾನದ ತಿದ್ದುಪಡಿಯೇ ಆಗಬೇಕು. ಪಕ್ಷದ ಸದಸ್ಯರು ಒಪ್ಪದ ವಿಲೀನಕ್ಕೆ 4ನೇ ಪ್ಯಾರಾದ ರಕ್ಷಣೆ ಸಿಗಬಾರದು.

ಪಕ್ಕದ ತೋಟದವರು ಗ್ರೂಪಿನಿಂದ ಆವತ್ತೇ ಹೊರಬಂದರು. ಎರಡೇ ದಿನದಲ್ಲಿ ಬೇರೆ ನಂಬರಿನಿಂದ ಯಾರೋ ಮತ್ತೆ ಸೇರಿಸಿದರು. ಆಮೇಲೆ ಅವರು ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದರು. ‘ನಾನು ನಿಮ್ಮ ಪಕ್ಷ ಸೇರಿಲ್ಲ. ಸೇರಲು ಅರ್ಜಿ ಹಾಕಿಲ್ಲ. ನನ್ನ ಹೆಸರು ಮತ್ತು ನಂಬರನ್ನು ನಿಮ್ಮ ಪಟ್ಟಿಯಿಂದ ತೆಗೆಯಿರಿ.’ ಕೆಳಗೆ ಸಹಿ, ತಾರೀಖು. ಸುಂಟಿಕೊಪ್ಪದ ಪೋಸ್ಟಾಫೀಸಿಗೆ ಹೋಗಿ ರಿಜಿಸ್ಟರ್ ಮಾಡಿಸಿದರು, ಅಕ್ನಾಲೆಜ್‌ಮೆಂಟ್ ಕಾರ್ಡ್ ಲಗತ್ತಿಸಿ. ಮೂರು ವಾರ ಬಿಟ್ಟು ಕಾರ್ಡ್ ವಾಪಸ್ ಬಂತು. ಅದರ ಮೇಲೆ ಹೊಸ ಪಕ್ಷದ ಕಚೇರಿಯ ಮೊಹರು. ಹಳೇ ಪಕ್ಷ ಕೊಟ್ಟಿದ್ದ ಸದಸ್ಯತ್ವದ ರಸೀದಿಗೆ ಅದನ್ನು ಪಿನ್ ಮಾಡಿ ತೋಟದ ಕಾಗದಪತ್ರ ಇಡುವ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.